ಹಳದಿ ಟೋಪಿ ಮತ್ತು ಝರಣಿ ನರಸಿಂಹ

ಶ್ರಾವಣದ ಎರಡನೆಯ ಮಂಗಳವಾರ ಮುಂಜಾನೆ ಹತ್ತರ ಸುಮಾರಿಗೆ ನನ್ನ ಹೆಂಡತಿ ಕಮಲಾಬಾಯಿ ಟೋಲಿಚೌಕಿ ರಸ್ತೆಯಲ್ಲಿ ಮೊಪೆಡ್ ಮೇಲಿಂದ ಬಿದ್ದಳು. ತಲೆಗೆ ಪೆಟ್ಟಾಯಿತು. ಶನಿವಾರದವರೆಗೆ ಅವಳು ಕಣ್ಣು ಬಿಡಲಿಲ್ಲ. ಆ ದಿನಗಳಲ್ಲಿ ನಾನು ಏನು ಮಾಡಿದೆ, ಏನು ಮಾಡಬಾರದಿತ್ತು, ಬೀದರಿನ ಝರಣಿ ನರಸಿಂಹ ನನ್ನನ್ನು ಹೇಗೆ ದಾರಿಗೆ ತಂದ ಎಂಬುದನ್ನು ಅವನ ಭಕ್ತರಾದ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಹೀಗೆ ಹೇಳುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ಇಲ್ಲದಿದ್ದರೆ ಈ ಸಂಗತಿಯನ್ನು ಯಾರಿಗೂ ಹೇಳುವ ಮನುಷ್ಯ ನಾನಲ್ಲ.

ನಾನು ನರಸಪ್ಪ. ಭಾಲ್ಕಿ ಕಡೆಯವನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಮೀಸೆ ಮೂಡುವ ಮೊದಲೇ ಹೈದರಾಬಾದಿಗೆ ಬಂದು ಕಲ್ಲು ಹೊತ್ತೆ. ಈಗ ಸೆಂಟ್ರಿಂಗ್ ಮೇಸ್ತ್ರಿ. ಸ್ಲ್ಯಾಬ್ ಹಾಕುವ ಮುಂಚೆ ಹಲಗೆ, ಅದಕ್ಕೆ ಆಸರೆ ಕೊಡುವ ಬಲ್ಲಿ, ಸರಳು ಎಲ್ಲ ನನ್ನ ಕಣ್ಣಿನ ಕೆಳಗೇ ಆಗಬೇಕು. ಮಾದಾಪುರದ ಕಡೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು ಅವು. ಅದರಲ್ಲಿ ಮೂರು ಕಟ್ಟಡಗಳಿಗೆ ನಾನು ಕೆಲಸ ಮಾಡಿದ್ದೇನೆ. ನಾನು ಕಟ್ಟಿಸಿದ ಸೆಂಟ್ರಿಂಗ್ ಇವತ್ತಿನವರೆಗೆ ಒಂದೂ ಕುಸಿದಿಲ್ಲ. ಈ ಮಾತು ಹೇಳುವಾಗ ನನ್ನ ಎದೆ ಉಬ್ಬುತ್ತದೆ, ಸುಳ್ಳೇಕೆ ಹೇಳಲಿ?

ಆ ಕಂಪನಿಗಳಿಗೆ ನಮ್ಮ ಕಡೆಯ ಹುಡುಗರು ಬಹಳ ಬಂದರು. ಅವರಿಗೆ ಜೋಳದ ರೊಟ್ಟಿಯ ಆಸೆ. ಕಮಲಾಬಾಯಿ ರೊಟ್ಟಿ ಬಡಿದು, ಪುಂಡಿ ಪಲ್ಯ ಮಾಡಿ, ಗಂಟು ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಅವರ ಹಾಸ್ಟೆಲುಗಳಿಗೆ ಮುಟ್ಟಿಸುತ್ತಿದ್ದಳು. ಗಿರಾಕಿಗಳು ಹೆಚ್ಚಾದರು. ಕಂಡಕ್ಟರ್ ಗಂಟು ನೋಡಿ ಗೊಣಗತೊಡಗಿದ. ಒಂದು ದಿನ ಅವಳೇ ಮಾತು ತೆಗೆದಳು.

“ಒಂದು ಹಳೇ ಮೊಪೆಡ್ ತಗೋಳೂಣೇನ್ರಿ? ನಾ ಕಲೀತೀನಿ.”

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದೆ ಕರೀಂ ಚಾಚಾ ಎಂಬ ಮುದುಕನ ಮೆಕ್ಯಾನಿಕ್ ಅಂಗಡಿ. ಅವನ ಹತ್ತಿರ ಒಂದು ಹಳೆಯ ಗಾಡಿ ಕೊಂಡೆವು. ಚಾಚಾನೇ ಮೈದಾನದಲ್ಲಿ ಒಂದು ವಾರ ಅವಳಿಗೆ ಕಲಿಸಿದ. ಗಾಡಿ ರಸ್ತೆಗೆ ಇಳಿಯುವ ಹಿಂದಿನ ದಿನ ನಾನು ಬುದ್ಧಿ ಹೇಳಲು ಕೂತೆ.

“ಎಡಕ್ಕ ಹೋಗು. ಬಸ್ಸಿನ ಹಿಂದ ಅಂಟಿಕೊಂಡು ಹೋಗಬ್ಯಾಡ, ಅವ ಯಾವಾಗ ನಿಲ್ಲಸ್ತಾನ ಅವನಿಗೇ ಗೊತ್ತಿರಂಗಿಲ್ಲ. ಸೆರಗು ಸೊಂಟಕ್ಕ ಸಿಗಿಸ್ಕೋ, ಗಾಲ್ಯಾಗ ಸಿಕ್ಕೀತು.”

“ನೀವು ಎಷ್ಟು ವರ್ಷ ನಡಿಸೀರ್ರಿ ಮೊಪೆಡ್ಡು?”

“ನಡಸೂದು ಯಾಕ ಬೇಕು? ಮೇಸ್ತ್ರಿ ಇದ್ದೀನಿ. ನನಗ ಕಣ್ಣು ಐತಿ.”

“ಹೌದೌದು, ಸೈಕಲ್ ಮ್ಯಾಲಿಂದ ಎರಡು ಸಲ ಗಟಾರಕ್ಕ ಬಿದ್ದ ಕಣ್ಣು,” ಎಂದು ಮಗಳ ಕಡೆ ನೋಡಿ ನಕ್ಕಳು. ಮಗಳು ಸುನೀತಾ ಆಗ ಒಂಬತ್ತನೆಯ ಇಯತ್ತೆ. ಅವಳೂ ನಕ್ಕಳು.

ನಗುವುದನ್ನು ನಿಲ್ಲಿಸಲೆಂದೇ ನಾನು ಗೂಟಕ್ಕೆ ತೂಗುಹಾಕಿದ್ದ ನನ್ನ ಹಳದಿ ಟೋಪಿ ತಂದು ಅವಳ ತಲೆಯ ಮೇಲಿಟ್ಟೆ. ಸೈಟಿನಲ್ಲಿ ಹಾಕಿಕೊಳ್ಳುವ ಟೋಪಿ. ಒಮ್ಮೆ ಎರಡನೆಯ ಮಾಳಿಗೆಯಿಂದ ಇಟ್ಟಿಗೆ ಬಿದ್ದಾಗ ನನ್ನ ಜೀವ ಉಳಿಸಿದ್ದು ಅದೇ. ಅಂಗಡಿಯಲ್ಲಿ ಮಾರುವ ಹೆಲ್ಮೆಟ್ಟು ನನ್ನ ಕಣ್ಣಿಗೆ ಪೋರರ ಶೋಕಿಯಂತೆ ಕಂಡಿತ್ತು. ಮರುದಿನ ಮೂವರೂ ಅಂಗಡಿಗೆ ಹೋದಾಗ ಚಾಚಾ ಅದನ್ನು ನೋಡಿದ ಕೂಡಲೇ ತಲೆ ಅಲ್ಲಾಡಿಸಿದ.

“ಯೇ ಟೋಪಿ ಗಾಡಿ ಪೋ ನಕ್ಕೋ, ಮೇಸ್ತ್ರಿ. ಗಲೇ ಮೇಂ ಪಟ್ಟಾ ಕಾಂ ಹೈ?”

ಗಾಡಿಗೆ ಈ ಟೋಪಿ ಬೇಡ, ಇದಕ್ಕೆ ಗದ್ದದ ಪಟ್ಟಿ ಎಲ್ಲಿದೆ, ಎಂದು ಕೇಳಿದ. ಪಟ್ಟಿ ಎಂದೋ ಹರಿದುಹೋಗಿತ್ತು. ಹೆಂಗಸಿನ ಮುಂದೆ, ಮಗಳ ಮುಂದೆ ಒಬ್ಬ ಮೆಕ್ಯಾನಿಕ್ ನನಗೆ ಟೋಪಿಯ ವಿಚಾರ ಕಲಿಸುವುದೇ? “ಚಾಚಾ, ನೀ ನಟ್ಟು ಬಿಗಿಯೂ ಪಾನಾ ಹಿಡಿ. ತಲೆ ಕಾಯೂ ಕೆಲಸ ನನಗ ಬಿಡು,” ಎಂದೆ. ಅವನು ಪಾನಾ ಎತ್ತಿಕೊಂಡು ತನ್ನ ಕೆಲಸಕ್ಕೆ ತಿರುಗಿದ.

ಮೂರು ವಾರ ಅವಳು ಆ ಟೋಪಿ ಹಾಕಿಕೊಂಡೇ ಹೋದಳು. ನಾವಿದ್ದ ಬಸ್ತಿಯ ಓಣಿಯ ಹೆಂಗಸರು “ಏನವ್ವಾ, ಇಂಜಿನಿಯರಮ್ಮ ಹೊಂಟ್ಳು” ಎಂದು ಛೇಡಿಸುತ್ತಿದ್ದರು. ಅವಳು ಹಾರ್ನ್ ಹೊಡೆದು ಉತ್ತರ ಕೊಡುತ್ತಿದ್ದಳು.

ಆ ಮಂಗಳವಾರ ನಾನು ಮೂರನೆಯ ಮಾಳಿಗೆಯ ಮೇಲಿದ್ದೆ. ಸೂಪರ್‌ವೈಸರ್ ಕೆಳಗಿನಿಂದ ಕೂಗಿದ. ಅವಳ ಪರ್ಸಿನಲ್ಲಿ ಸೈಟಿನ ಫೋನ್ ನಂಬರಿನ ಚೀಟಿ ಇತ್ತು. ಅದನ್ನು ನೋಡಿ ಆಟೋದವನೊಬ್ಬ ಫೋನ್ ಮಾಡಿದ್ದ. ಲಾರಿಯಿಂದ ಚೆಲ್ಲಿದ್ದ ಮರಳಿನ ಮೇಲೆ ಗಾಡಿ ಜಾರಿತ್ತು. ಯಾವುದೋ ಕಟ್ಟಡಕ್ಕೆ ಹೊರಟ ಮರಳು. ಚಿಕ್ಕಂದಿನಿಂದ ನಾನು ಸಿಮೆಂಟಿಗೆ ಕಲಸಿ ಅನ್ನ ಉಂಡ ಮರಳು.

ದೊಡ್ಡ ಸರ್ಕಾರಿ ದವಾಖಾನೆಗೆ ಒಯ್ದಿದ್ದರು. ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಅವಳ ತಲೆಗೆ ಪಟ್ಟಿ ಸುತ್ತಿ, ಮೂಗಿಗೆ ನಳಿಗೆ ಹಾಕಿದ್ದರು. ಸೀರೆಯ ಮೇಲೆ ಜೋಳದ ಹಿಟ್ಟು ಹಾಗೇ ಇತ್ತು. ಕರೆದರೆ ರೆಪ್ಪೆಯೂ ಅಲುಗಲಿಲ್ಲ. ಒಬ್ಬರು ಒಂದು ಕಾಗದ ತಂದರು, ಇನ್ನೊಬ್ಬರು ಇನ್ನೊಂದು ತಂದರು, ಎಲ್ಲ ಇಂಗ್ಲಿಷಿನಲ್ಲಿ. ಬೆರಳು ತೋರಿಸಿದಲ್ಲಿ ಕನ್ನಡದಲ್ಲಿ ಸಹಿ ಮಾಡಿದೆ. ಒಂದು ಮಾಳಿಗೆಯ ಭಾರ ಎಷ್ಟು ಬಲ್ಲಿಗಳ ಮೇಲೆ ನಿಲ್ಲುತ್ತದೆಂದು ನಿಂತಲ್ಲೇ ಹೇಳಬಲ್ಲ ನನಗೆ ಆ ಮಂಚದ ಪಕ್ಕ ಎಲ್ಲಿ ನಿಲ್ಲಬೇಕೆಂಬುದೂ ತಿಳಿಯಲಿಲ್ಲ. ನರ್ಸ್ ಬಂದು ಪಕ್ಕಕ್ಕೆ ಸರಿ ಎಂದರೆ ಸರಿಯುತ್ತಿದ್ದೆ, ಹೊರಗೆ ಹೋಗು ಎಂದರೆ ಹೋಗುತ್ತಿದ್ದೆ.

ಡಾಕ್ಟರಮ್ಮ ತೆಲುಗಿನವರು, ವಯಸ್ಸು ಚಿಕ್ಕದು. “ತಲೆಗೆ ಏನಾದರೂ ಹಾಕಿದ್ದಳಾ?” ಎಂದು ಕೇಳಿದರು.

ಇಲ್ಲಿ ನಾನು ಮಾಡಿದ ಪಾಪ ಕೇಳಿ. ಪಟ್ಟಿ ಇಲ್ಲದ ಟೋಪಿ ಮೊದಲ ಪೆಟ್ಟಿಗೇ ಹಾರಿಹೋಗಿರಬೇಕೆಂದು ನನಗೆ ಆಗಲೇ ಹೊಳೆದಿತ್ತು. ಚಾಚಾನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು ಬೇರೆ. “ಇಲ್ಲಮ್ಮಾ. ಎಷ್ಟು ಹೇಳಿದರೂ ಕೇಳಲಿಲ್ಲ. ಬರಿದಲೆಯಲ್ಲಿ ಹೋದಳು.”

ಶಾಲೆಯಿಂದ ಓಡಿ ಬಂದಿದ್ದ ಸುನೀತಾ ನನ್ನ ತೋಳು ಹಿಡಿದಳು. “ಅಪ್ಪಾ, ಅವ್ವ ಟೋಪಿ ಹಾಕ್ಕೊಂಡ ಹೋಗಿದ್ಳಲ್ಲ?”

ನಾನು ಅವಳನ್ನು ದುರುಗುಟ್ಟಿ ನೋಡಿದೆ. ಹುಡುಗಿ ತೋಳು ಬಿಟ್ಟು ಹಿಂದೆ ಸರಿದಳು. ಡಾಕ್ಟರಮ್ಮ “ನಿಮ್ಮ ಮಂದಿಗೆ ಯಾವಾಗ ಬುದ್ಧಿ ಬರುತ್ತದೋ” ಎಂದು ಬರೆದುಕೊಂಡು ಹೋದರು. ಮಾತಾಡಲಾಗದೆ ಮಲಗಿದವಳ ತಲೆಯ ಮೇಲೆ ನನ್ನ ತಪ್ಪು ಹೊರಿಸಿ ನಾನು ಗಂಡಸಾಗಿ ನಿಂತಿದ್ದೆ.

ಬುಧವಾರ ಹೋಯಿತು, ಗುರುವಾರ ಹೋಯಿತು. “ಕಾಯಬೇಕು” ಎನ್ನುವುದೊಂದೇ ಮಾತು. ನೋಡಲು ಬಂದ ಬಸ್ತಿಯವರಿಗೂ ಆ ದಿನ ಅವಳು ಟೋಪಿ ಬಿಟ್ಟು ಹೋಗಿದ್ದಳೆಂದು ಸುಳ್ಳು ಹೇಳಿದೆ. ಕರೀಂ ಚಾಚಾ ಮೋಸಂಬಿ ತಂದಿದ್ದ. ಅವನು ಟೋಪಿಯ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು. ಸುನೀತಾ ನನ್ನ ಜೊತೆ ಮಾತು ಬಿಟ್ಟಿದ್ದಳು. ಚಹಾ ತಂದುಕೊಟ್ಟರೆ ಕೈಯಲ್ಲಿ ಹಿಡಿದು ಹಾಗೇ ಆರಿಸುತ್ತಿದ್ದಳು.

ಶುಕ್ರವಾರ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ಊರಿನಿಂದ ಯಾರನ್ನಾದರೂ ಕರೆಸುವುದಿದ್ದರೆ ಕರೆಸಿ,” ಎಂದರು. ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಶನಿವಾರ ಮುಂಜಾನೆ ಕಂಪೌಂಡಿನ ಬೇವಿನ ಗಿಡದ ಕೆಳಗೆ ಬಂದೆ. ಪ್ರತಿ ವರ್ಷ ಝರಣಿಗೆ ಹೋಗುವುದು ನಮ್ಮ ಮನೆಯ ನಡೆ. ನಿಮಗೆಲ್ಲ ಗೊತ್ತಿದೆ, ಆ ಗವಿಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದೇ ಸ್ವಾಮಿಯ ಮುಖ ನೋಡಬೇಕು. ಮೇಲೆ ಬಾವಲಿ, ಕೆಳಗೆ ಕಾಣದ ನೆಲ. ಅಲ್ಲಿ ಒಂದು ಹೆಜ್ಜೆಯೂ ತಡವರಿಸದ ನನಗೆ ಈ ಬಯಲಿನಲ್ಲಿ ದಿಕ್ಕು ತಪ್ಪಿತ್ತು. ಗೇಟಿನ ಆಟೋದವನನ್ನು “ಅಣ್ಣಾ, ಬೀದರ ಯಾವ ಕಡೆ ಬರ್ತೈತಿ?” ಎಂದು ಕೇಳಿದೆ. ಅವನು ಬಸ್ಸು ಹಿಡಿಯಲು ಕೇಳುತ್ತಿದ್ದೇನೆಂದು ತಿಳಿದು ದಾರಿ ಹೇಳಿ, ಕೈ ತೋರಿಸಿದ. ಆ ಕಡೆ ಮುಖ ಮಾಡಿ ಮಣ್ಣಿನಲ್ಲೇ ಕೂತೆ.

“ಸ್ವಾಮಿ, ನಾ ಸುಳ್ಳು ಹೇಳೀನಿ. ಟೋಪಿ ನಂದು, ತಪ್ಪು ನಂದು. ಅದನ್ನ ಈಗ ಹೋಗಿ ಹೇಳ್ತೀನಿ. ಆಕಿ ಎದ್ದರೂ ಹೇಳ್ತೀನಿ, ಏಳದಿದ್ದರೂ ಹೇಳ್ತೀನಿ. ನಿನ್ನ ಮಂದಿ ಎಲ್ಲರ ಮುಂದೂ ಹೇಳ್ತೀನಿ. ಆದರ ಆಕಿನ್ನ ಎಬ್ಬಿಸು. ನನ್ನ ಕೈಲೆ ಏನೂ ಆಗವಲ್ದು.”

ಎದ್ದು ಒಳಗೆ ಹೋದೆ. ಡಾಕ್ಟರಮ್ಮ ಅವಳ ಮಂಚದ ಹತ್ತಿರವೇ ಇದ್ದರು. ಸುನೀತಾಳೂ ಇದ್ದಳು. ಅಷ್ಟೂ ಜನರ ಮುಂದೆ ಹೇಳಿದೆ: “ಅಮ್ಮಾ, ಆಕೆ ಬರಿದಲೆಯಲ್ಲಿ ಹೋಗಿರಲಿಲ್ಲ. ಸೈಟಿನ ಟೋಪಿ ನಾನೇ ಕೊಟ್ಟಿದ್ದೆ. ಪಟ್ಟಿ ಇರಲಿಲ್ಲ. ಹಾರಿಹೋಗಿರಬೇಕು. ತಪ್ಪು ನನ್ನದು.”

ಅವರು ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಅವರು ಕಮಲಾಬಾಯಿಯ ಮುಖವನ್ನು ಸ್ವಲ್ಪ ಹೊರಳಿಸಿ ನನ್ನನ್ನು ಹತ್ತಿರ ಕರೆದರು. “ಏಮಯ್ಯಾ, ಪಟ್ಟಿ ಇರಲಿಲ್ಲ ಅಂದರೆ ಇದೇನು? ಈ ಗುರುತು ಯಾತರದೆಂದು ನನಗೂ ತಿಳಿದಿರಲಿಲ್ಲ.”

ಎರಡೂ ಕಿವಿಯ ಮುಂದಿನಿಂದ ಗದ್ದದ ಕೆಳಗೆ ಬೆರಳಗಲದ ಕೆಂಪು ಗೆರೆ. ಏನನ್ನೋ ಬಿಗಿಯಾಗಿ ಕಟ್ಟಿದ್ದರೆ ಮಾತ್ರ ಬೀಳುವ ಗೆರೆ. ನಾನು ನಾಲ್ಕು ದಿನ ಅದೇ ಮುಖ ನೋಡುತ್ತ ಕೂತಿದ್ದೆ. ನೋಡಿರಲಿಲ್ಲ.

ತಡೆಯಲಾಗಲಿಲ್ಲ. ಬಸ್ಸು ಹತ್ತಿ ಟೋಲಿಚೌಕಿಗೆ ಹೋದೆ. ಮರಳು ಇನ್ನೂ ರಸ್ತೆಯ ಅಂಚಿನಲ್ಲಿತ್ತು. ಹಾರಿ ಬಿದ್ದ ಟೋಪಿಯೊಂದು ಕಂಡಿತೇ ಎಂದು ಎದುರಿನ ಚಹಾದಂಗಡಿಯವನನ್ನು ಕೇಳಿದೆ. “ರೊಟ್ಟಿ ಅಮ್ಮನ ಕಡೆಯವರಾ?” ಎಂದು ಹಲಗೆಯ ಕೆಳಗಿನಿಂದ ಹಳದಿ ಟೋಪಿ ತೆಗೆದುಕೊಟ್ಟ. “ಇದು ಹಾರಿ ಬಿದ್ದದ್ದಲ್ಲ. ಗಂಟು ಬಿಗಿದಿತ್ತು. ಆಟೋಗೆ ಹಾಕುವಾಗ ನಾನೇ ಬ್ಲೇಡಿನಿಂದ ಕೊಯ್ದು ತೆಗೆದೆ,” ಎಂದ.

ಟೋಪಿ ಎಡಕ್ಕೆ ಉದ್ದಕ್ಕೂ ಸೀಳಿತ್ತು. ಅಂಚಿನಲ್ಲಿ ಎರಡು ತೂತು ಕೊರೆದು, ನಾಲ್ಕು ಮಡಿಕೆಯ ಅರಿವೆಯ ಪಟ್ಟಿ ಪೋಣಿಸಿ ಹೊಲಿದಿತ್ತು. ಹಸಿರು ಇಳಕಲ್ಲಿನ ಅಂಚು. ಆ ಸೀರೆ ನನಗೆ ಗೊತ್ತಿತ್ತು. ಪ್ರತಿ ವರ್ಷ ಝರಣಿಯ ನೀರಿಗೆ ಇಳಿಯಲು ಅವಳು ಉಡುತ್ತಿದ್ದ ಹಳೆಯ ಸೀರೆ ಅದು. ಆ ಅಂಗಡಿಯ ಬೆಂಚಿನ ಮೇಲೆ ಕೂತು, ಕೆಲಸ ಮಾಡುವ ಮಂದಿಯ ನಡುವೆ, ಗಟ್ಟಿಯಾಗಿ ಅತ್ತೆ. ನಾನು ಬಿಟ್ಟ ಜಾಗದಲ್ಲಿ ಸ್ವಾಮಿ ಅವಳ ಗದ್ದ ಹಿಡಿದುಕೊಂಡಿದ್ದ.

ದವಾಖಾನೆಗೆ ಮರಳುವಾಗ ಮಧ್ಯಾಹ್ನವಾಗಿತ್ತು. ಸುನೀತಾ ಗೇಟಿನವರೆಗೆ ಓಡಿ ಬಂದಳು. ಆ ಸುಳ್ಳಿನ ನಂತರ ನನ್ನ ಜೊತೆ ಅವಳು ಆಡಿದ ಮೊದಲ ಮಾತು: “ಅಪ್ಪಾ, ಅವ್ವ ಕಣ್ಣು ಬಿಟ್ಟಾಳ. ನೀರು ಕೇಳ್ಯಾಳ.”

ನನ್ನ ಕೈಯಲ್ಲಿದ್ದ ಟೋಪಿಯನ್ನು ಕಮಲಾಬಾಯಿ ನೋಡಿದಳು. ದನಿ ಸಣ್ಣಗಾಗಿತ್ತು. “ಒಡದೈತೇನ್ರಿ? ನಿಮ್ಮ ಟೋಪಿ ಹಾಳು ಮಾಡಿದೆ.”

“ಪಟ್ಟಿ ಯಾವಾಗ ಹಚ್ಚಿದಿ?”

“ಚಾಚಾ ಹೇಳಿದ ದಿನಾನ.” ಪಟ್ಟಿಯ ತುದಿ ಮುಟ್ಟಿ ಹೇಳಿದಳು: “ನಿಮ್ಮ ಮುಂದ ಕಟ್ಟಿಕೊಂಡ್ರ ನಿಮಗ ಕೆಟ್ಟ ಅನಸ್ತಿತ್ತು. ಪಟ್ಟಿ ಟೋಪಿ ಒಳಗ ಮಡಚಿಟ್ಟು, ಓಣಿ ತಿರುಗಿದ ಮ್ಯಾಲ ಗಾಡಿ ನಿಲ್ಲಿಸಿ ಕಟ್ಕೋತಿದ್ದೆ.”

ನಾನು ಟೋಪಿ ಕೆಳಗಿಟ್ಟು ಅವಳ ಕಾಲ ಬಳಿ ನಿಂತೆ.

ಚೇತರಿಸಿಕೊಳ್ಳಲು ತಿಂಗಳುಗಳು ಹಿಡಿದವು. ಎಡಗೈ ಈಗಲೂ ಸ್ವಲ್ಪ ಜೋಮು ಹಿಡಿಯುತ್ತದೆ. ಮುಂದಿನ ವರ್ಷ ಮೂವರೂ ಬೀದರ ಬಸ್ಸು ಹತ್ತಿ ಝರಣಿಗೆ ಹೋದೆವು. ನೀರಿನಲ್ಲಿ ಅವಳು ನನ್ನ ಹೆಗಲು ಹಿಡಿದು ನಡೆದಳು. ತಡವರಿಸಿದ್ದು ನಾನು, ಅವಳಲ್ಲ. ಬಂದ ಮೇಲೆ ಕರೀಂ ಚಾಚಾನ ಅಂಗಡಿಗೆ ಹೋಗಿ ಪ್ರಸಾದ ಕೊಟ್ಟು, ನಿನ್ನ ಮಾತು ಕೇಳಬೇಕಿತ್ತು ಎಂದೆ. “ಪಾನಾ ಪಕಡೂಂ ಕ್ಯಾ, ಮೇಸ್ತ್ರಿ?” ಎಂದು ನಕ್ಕುಬಿಟ್ಟ, ಪಾನಾ ಹಿಡಿಯಲೇ ಎಂದು. ಒಳ್ಳೆಯ ಹೆಲ್ಮೆಟ್ಟನ್ನು ಅವನೇ ಆರಿಸಿಕೊಟ್ಟ.

ಹೊಸದಾಗಿ ಗಾಡಿ ಕಲಿಯುವ ಅಕ್ಕತಂಗಿಯರಿಗೆ, ಅವರಿಗೆ ಬುದ್ಧಿ ಹೇಳಲು ಕೂರುವ ನನ್ನಂಥ ಗಂಡಂದಿರಿಗೆ ಒಂದು ಮಾತು. ಸೈಟಿನ ಟೋಪಿ ಸೈಟಿಗೆ. ಅರಿವೆಯ ಪಟ್ಟಿಯನ್ನು ನಂಬಿ ಹೋಗಬೇಡಿ. ನಮ್ಮನ್ನು ಸ್ವಾಮಿ ಉಳಿಸಿದ, ಅದು ಅವನ ದಯೆ. ಗಾಡಿಯ ಹೆಲ್ಮೆಟ್ಟೇ ಹಾಕಿ, ಗದ್ದದ ಪಟ್ಟಿಯ ಗುಂಡಿ ಬಿಗಿಯಿರಿ. ಮರಳು ಕಂಡರೆ ದೂರದಿಂದಲೇ ವೇಗ ತಗ್ಗಿಸಿ, ಅದರ ಮೇಲೆ ಬಂದಾಗ ಬ್ರೇಕ್ ಹಿಡಿಯಬೇಡಿ. ಇದು ನನ್ನ ಬುದ್ಧಿಯಲ್ಲ, ಚಾಚಾನಿಂದ ಕಲಿತದ್ದು.

ಕಮಲಾಬಾಯಿ ಮತ್ತೆ ರೊಟ್ಟಿ ಒಯ್ಯುತ್ತಿದ್ದಾಳೆ. ದಿನಾ ಮುಂಜಾನೆ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದು, ಹೆಲ್ಮೆಟ್ಟಿನ ಪಟ್ಟಿಯನ್ನು ಅವಳ ಗದ್ದದ ಕೆಳಗೆ ನಾನೇ ಬಿಗಿಯುತ್ತೇನೆ. ಬಸ್ತಿಯ ಹೆಂಗಸರು ಬಿಡುತ್ತಾರೆಯೇ? “ಏನ್ ನರಸಪ್ಪಣ್ಣಾ, ಮಗಳು ಮದುವಿಗೆ ಬಂದಾಳ, ಈಗ ಹೆಂಡ್ತಿ ಗದ್ದ ಹಿಡ್ಯಾಕತ್ತೀಯಲ್ಲ?” ಎನ್ನುತ್ತಾರೆ. ಮೊದಲಾಗಿದ್ದರೆ ನಾಚಿಕೆಯಿಂದ ಒಳಗೆ ಹೋಗುತ್ತಿದ್ದೆ. ಈಗ “ಹೌದವ್ವಾ, ಹಿಡದೀನಿ” ಎನ್ನುತ್ತೇನೆ. ಗುಂಡಿ ಟಕ್ ಎಂದ ಮೇಲೆ ಮನಸ್ಸಿನಲ್ಲೇ ಸ್ವಾಮಿಯ ಹೆಸರು ಹೇಳಿ ಕೈ ಬಿಡುತ್ತೇನೆ. ಅವಳು ಓಣಿ ತಿರುಗುವವರೆಗೆ ನೋಡುತ್ತ ನಿಲ್ಲುತ್ತೇನೆ. ಈಗ ಅವಳು ಅಲ್ಲಿ ಗಾಡಿ ನಿಲ್ಲಿಸುವುದಿಲ್ಲ.