ಲೆಕ್ಕಕ್ಕೆ ಸಿಗದ ನನ್ನ ತಂಗಿ

ನನ್ನ ಪಾಸ್‌ಪೋರ್ಟು ನನ್ನ ತಂಗಿಯದಕ್ಕಿಂತ ಹಳೆಯದು. ನಿವೃತ್ತಿಯಾದ ವರ್ಷವೇ ಬೆಳಗಾವಿಗೆ ಹೋಗಿ ಮಾಡಿಸಿಕೊಂಡು ಬಂದು, ಪ್ಲಾಸ್ಟಿಕ್ ಹೊದಿಕೆ ಹಾಕಿ, ಟ್ರಂಕಿನಲ್ಲಿ ಇಳಕಲ್ ಸೀರೆಗಳ ಕೆಳಗೆ ಇಟ್ಟಿದ್ದೇನೆ. ದೀಪಾವಳಿಯ ಮುಂದೆ ಟ್ರಂಕು ಬಿಸಿಲಿಗೆ ಹಾಕುವಾಗ ಅದನ್ನೂ ತೆಗೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತೇನೆ. ಒಳಗಿನ ಹಾಳೆಗಳು ಅಚ್ಚುಕಟ್ಟಾಗಿ ಖಾಲಿ ಇವೆ. ತಂಗಿಯ ಪಾಸ್‌ಪೋರ್ಟಿನ ಮೇಲೆ ಕೊಬ್ಬರಿ ಎಣ್ಣೆಯ ಕಲೆ ಬಿದ್ದಿದೆ, ಒಂದು ಮೂಲೆ ಮುದುರಿದೆ, ಒಳಗೆ ಅರಬ್ಬಿ ಅಕ್ಷರದ ಮುದ್ರೆಗಳು ಒಂದರ ಮೇಲೊಂದು ಬಿದ್ದಿವೆ.

ನಾನು ಸರ್ಕಾರಿ ಆರೋಗ್ಯ ಕೇಂದ್ರದ ನರ್ಸಬಾಯಿಯಾಗಿ ಬೀಳಗಿ, ಮುಧೋಳ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡಿದವಳು. ಹೆರಿಗೆ ಮಾಡಿಸುವುದು, ಸೂಜಿ ಹಾಕುವುದು, ವರ್ಷಕ್ಕೊಮ್ಮೆ ಮನೆಮನೆ ತಿರುಗಿ ಮಂದಿಯನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ತರಬೇತಿಯ ಹಾಸ್ಟೆಲಿನಲ್ಲಿ ಚಾದರದ ಮೂಲೆ ಸರಿಯಾಗಿ ಮಡಚದಿದ್ದರೆ ನಮ್ಮ ಮೇಟ್ರನ್ ಬೆಳಗಿನ ಚಹಾ ಕೊಡುತ್ತಿರಲಿಲ್ಲ. ಆ ಶಿಸ್ತು ನನ್ನನ್ನು ಬಿಟ್ಟಿಲ್ಲ, ನಾನೂ ಅದನ್ನು ಬಿಟ್ಟಿಲ್ಲ. ಮದುವೆಯಾಗಲಿಲ್ಲ. ಕೆಲಸ ಮುಗಿದ ಮೇಲೆ ಬನಹಟ್ಟಿಯ ತವರುಮನೆಗೆ ಬಂದೆ. ಪಡಸಾಲೆಯಲ್ಲಿ ಅಪ್ಪನ ಕೈಮಗ್ಗದ ಕುಣಿ ಇನ್ನೂ ಇದೆ. ಮೇಲೆ ಹಲಗೆ ಹಾಕಿ ಚಾಪೆ ಹಾಸಿದ್ದೇವೆ. ಗಂಡನನ್ನು ಕಳೆದುಕೊಂಡ ತಂಗಿ ನನಗಿಂತ ಮೊದಲೇ ಅಲ್ಲಿಗೆ ಬಂದು ಸೇರಿದ್ದಳು.

ತಂಗಿ ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು. ಬಾಣಂತಿಗೂ ಕೂಸಿಗೂ ಎರೆಯುವುದನ್ನು ಅವ್ವನಿಂದ ಕಲಿತಳು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಲೋಬಾನದ ಹೊಗೆ ಹಿಡಿದು ತೊಟ್ಟಿಲಿಗೆ ಹಾಕುವುದು ಅವಳ ಉದ್ಯೋಗ. ಆ ಕೆಲಸ ನನಗೂ ಬರುತ್ತದೆ. ಅವಳಿಗಿಂತ ಸ್ವಚ್ಛವಾಗಿ ಬರುತ್ತದೆ. ಆದರೆ ಅವಳು ಯಾವ ಮನೆಗೂ ಹೇಳಿದ ಹೊತ್ತಿಗೆ ಹೋದವಳಲ್ಲ. ದಾರಿಯಲ್ಲಿ ನಿಂತು ಮಾತಾಡುತ್ತಾಳೆ, ಒಲೆಯ ಮೇಲಿನ ಹಾಲು ಮರೆಯುತ್ತಾಳೆ, ಸೆರಗಿನಲ್ಲೇ ಕೈ ಒರೆಸುತ್ತಾಳೆ. ಅಷ್ಟಾದರೂ ಮಂದಿ ಅವಳಿಗಾಗಿ ಕಾಯುತ್ತಾರೆ. ಹೊತ್ತಿಗೆ ಸರಿಯಾಗಿ ಹೋಗುವ ನನಗೆ ಯಾರೂ ಕಾದಿದ್ದಿಲ್ಲ, ಕಾಯುವ ಪ್ರಸಂಗವನ್ನೇ ನಾನು ತಂದಿಲ್ಲ.

ನಮ್ಮೂರಿನ ಒಬ್ಬ ನೂಲಿನ ವ್ಯಾಪಾರಿಯ ಹೆಂಡತಿ ಒಂದು ದಿನ ಮನೆಗೆ ಬಂದಳು. ನಾನು ಕುರ್ಚಿ ಹಾಕಿ, ನೀರು ಕೊಟ್ಟೆ.

“ಮಗಳಿಗೆ ಏಳ ತಿಂಗಳದಾಗ ಬಿದ್ದೈತ್ರಿ ಬಾಯಾರ,” ಎಂದಳು. “ಮಸ್ಕತದಾಗ ಅದಾಳ. ನನ್ನ ಮೊಣಕಾಲ ನಿಮಗ ಗೊತ್ತ ಐತಿ. ನಾ ಹ್ವಾದ್ರ ಅಕಿ ಎರಡ ಕೂಸ ನೋಡಬೇಕಾಕ್ಕೈತಿ. ಯಾರನಾರೆ ಕಳಸೂಣು ಅಂತ ವಿಚಾರ ನಡದೈತಿ.”

ನನ್ನ ಪಾಸ್‌ಪೋರ್ಟು ತಯಾರಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಕೆ ಒಳಗೆ ಇಣುಕಿ, “ಸಣ್ಣ ಬಾಯಾರ ಎಲ್ಲದಾರ್ರಿ?” ಎಂದು ನನ್ನ ತಂಗಿಯನ್ನು ವಿಚಾರಿಸಿದಳು. ನನ್ನ ಮುಖದಲ್ಲಿ ಏನೋ ಕಂಡಿರಬೇಕು. “ನೀವು ದವಾಖಾನಿ ಮಂದಿ ಬಿಡ್ರಿ. ಅಲ್ಲಿ ದವಾಖಾನಿ ಭಾಳ ಛಲೋ ಅದಾವಂತ. ನಮಗ ಎರಿಯಾಕ ಒಬ್ರು ಬೇಕಾಗ್ಯಾರ,” ಎಂದು ಸೇರಿಸಿದಳು.

ಹೊಟ್ಟೆಯಲ್ಲಿ ಕಿಚ್ಚು ಬೀಳುವುದೆಂದರೇನು ಎಂದು ಆ ದಿನ ನನಗೆ ತಿಳಿಯಿತು. ಸಾಲಿಯಲ್ಲಿದ್ದಾಗ ಭೂಗೋಳದ ನಕಾಶೆಯ ಮೇಲೆ ಬೆರಳಿಟ್ಟು ಸಮುದ್ರ ದಾಟುತ್ತಿದ್ದವಳು ನಾನು. ತಂಗಿ ಆ ಪುಸ್ತಕದ ಹಾಳೆ ಹರಿದು ಚುರುಮುರಿ ಕಟ್ಟಿಕೊಂಡವಳು. ಪಾಸ್‌ಪೋರ್ಟು ಮಾಡಿಸಲು ಅವಳನ್ನು ಬೆಳಗಾವಿಗೆ ಕರೆದುಕೊಂಡು ಹೋದವಳೂ ನಾನೇ. ಅವಳ ಚೀಲ ತುಂಬಿದವಳೂ ನಾನೇ. ಬಾಣಂತಿಗೂ ಕೂಸಿಗೂ ಬೇಕಾಗುವ ಅಂಟು, ಅಳವಿ, ಒಣಕೊಬ್ಬರಿ, ಬಜೆ, ಲೋಬಾನ ಎಲ್ಲವನ್ನೂ ಬೇರೆ ಬೇರೆ ಕಟ್ಟಿ, ಮೇಲೆ ಚೀಟಿ ಅಂಟಿಸಿದೆ. ಅವಳಿಗೆ ಬಿಟ್ಟಿದ್ದರೆ ಎಲ್ಲವನ್ನೂ ಒಂದೇ ಗಂಟಿಗೆ ಸುತ್ತುತ್ತಿದ್ದಳು.

ಬಾಣಂತನ ಮುಗಿಸಿ ಬಂದಾಗ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದರು. ಮಗ್ಗದ ಹಲಗೆಯ ಮೇಲೆ ಕುಳಿತು ತಂಗಿ ಹೇಳಿದ್ದೇ ಹೇಳಿದ್ದು. “ಮೊದಲನೇ ದಿನಾನ ಕೂಸಿಗಿ ಹೊಗಿ ಹಿಡದ್ಯಾ. ಮ್ಯಾಲ ಮಾಳಗ್ಯಾಗ ಒಂದ ಗಂಟಿ ಬಡಕೊಳ್ಳಾಕ ಹತ್ತಿತ ನೋಡ್ರಿ. ಅಳಿಯಾ ಮೈಮ್ಯಾಲ ಟಾವೆಲ್ ಸುತಗೊಂಡ ಓಡಿ ಬಂದ. ಕೆಳಗ ಬೆಂಕಿ ಆರಸೂ ಗಾಡಿ ಬಂದ ನಿಂತೈತಿ. ನಾ ಅಂದ್ಯಾ, ಏ ಪುಣ್ಯಾತ್ಮಾ, ಬೆಂಕಿ ಅಲ್ಲೋ, ಬಾಣಂತಿ ಹೊಗಿ.” ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಚಹಾದ ಲೋಟ ತೊಳೆದೆ.

ಅದೇ ಮೊದಲಾಯಿತು. ಮಸ್ಕತ್ತಿನ ಆ ಮನೆಯಿಂದ ಇನ್ನೊಂದು ಕನ್ನಡದ ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಅವಳ ಹೆಸರು ಹೋಯಿತು. ಪ್ರತಿ ಸಲವೂ ನೋಡಿಬರುವವರ ವೀಸಾದ ಮೇಲೆ ಹೋಗುತ್ತಾಳೆ, ಅದರ ಅವಧಿ ಮುಗಿದರೆ ಬರುತ್ತಾಳೆ, ಚೀಲ ಬಿಚ್ಚುವುದರೊಳಗೆ ಮತ್ತೆ ಕರೆ ಬಂದಿರುತ್ತದೆ. ಈಗೀಗ ಬನಹಟ್ಟಿಯಲ್ಲಿ ಇದ್ದ ದಿನಕ್ಕಿಂತ ಅಲ್ಲಿ ಇದ್ದ ದಿನವೇ ಹೆಚ್ಚು.

ಪತ್ರಿಕೆಯಲ್ಲಿ ಆಗಾಗ ಬರುತ್ತದೆ: ಇಷ್ಟು ಮಂದಿ ದೇಶ ಬಿಟ್ಟು ಹೋದರು ಎಂದು. ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಅದನ್ನು ಓದುತ್ತೇನೆ, ಮತ್ತು ನಂಬುವುದಿಲ್ಲ. ಹತ್ತನೇ ಇಯತ್ತೆ ಪಾಸಾಗದವರು ಕೊಲ್ಲಿಯ ಕಡೆಯ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕು. ಆ ಅನುಮತಿಗಳನ್ನು ಎಣಿಸಿ, ಅದನ್ನೇ ಹೋದವರ ಲೆಕ್ಕ ಎನ್ನುತ್ತಾರೆ. ಹತ್ತನೆಯದು ಪಾಸಾದವನು ಅದರಲ್ಲಿ ಇಲ್ಲ. ನೋಡಿಬರಲು ಎಂದು ಹೋಗಿ ಎರೆಯುತ್ತ ಉಳಿದವಳು ಇಲ್ಲ. ಹೋದವರು ತಿರುಗಿ ಬಂದರೆ ಕಳೆಯುವವರೂ ಇಲ್ಲ. ಆ ಲೆಕ್ಕದ ಪ್ರಕಾರ ನನ್ನ ತಂಗಿ ಬನಹಟ್ಟಿಯ ಓಣಿ ದಾಟಿಲ್ಲ. ಇದು ನನಗೆ ಸಮಾಧಾನ ಕೊಡುತ್ತಿತ್ತು ಎಂದರೆ ಸುಳ್ಳಲ್ಲ.

ಆದರೆ ಮೊನ್ನೆ ಫೋನಿನಲ್ಲಿ ತಂಗಿ ಹೊಸ ಮಾತು ತೆಗೆದಳು. ಈಗ ಇರುವ ಮನೆಯವರು ಅವಳಿಗೆ ಕೆಲಸದ ವೀಸಾ ಮಾಡಿಸುತ್ತೇವೆ ಎನ್ನುತ್ತಿದ್ದಾರಂತೆ. ಎರಡು ವರ್ಷದ್ದು. “ಸನಿವಾರದ ಒಳಗ ಹೂಂ ಅನ್ನಬೇಕು, ಇಲ್ಲಾ ಉಹೂಂ ಅನ್ನಬೇಕು ಅಕ್ಕಾ.” ವಿಚಾರ ಮಾಡು ಎಂದೆ. ಫೋನು ಇಟ್ಟ ಮೇಲೆ ಟ್ರಂಕು ತೆಗೆದು ನನ್ನ ಪಾಸ್‌ಪೋರ್ಟು ನೋಡಿದೆ. ದೀಪಾವಳಿ ಇನ್ನೂ ದೂರವಿತ್ತು.

ಆ ಶನಿವಾರವೇ ಮನೆಮನೆ ಸಮೀಕ್ಷೆಗೆ ಒಬ್ಬ ಶಿಕ್ಷಕಿ ಬಂದಳು. ಲೋಕಾಪುರದ ಕಡೆಯ ಹುಡುಗಿ, ನಮ್ಮ ಊರಿಗೆ ಹೊಸಬಳು, ಕೈಯಲ್ಲಿ ಮೊಬೈಲು. ಮನೆಯಲ್ಲಿ ಯಾರಿದ್ದಾರೆ, ಯಾರು ಹೊರಗೆ ಹೋಗಿದ್ದಾರೆ, ಎಲ್ಲಿಗೆ, ಏಕೆ ಎಂದು ಕೇಳಿ ತುಂಬಬೇಕಿತ್ತು. ಓಣಿಯ ಮನೆಗಳು ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾನು ಚಪ್ಪಲಿ ಮೆಟ್ಟಿ ಜೊತೆಗೆ ಹೊರಟೆ.

ನಮ್ಮಲ್ಲಿ ಒಂದು ರೂಢಿ ಇದೆ. ಬದುಕಿರುವವರ ಬಗ್ಗೆ ಹೊಸ್ತಿಲಲ್ಲಿ ನಿಂತು “ಇಲ್ಲ” ಎನ್ನುವುದಿಲ್ಲ. ಇಚಲಕರಂಜಿಗೆ ಹೋಗಿರಲಿ, ದುಬೈಗೆ ಹೋಗಿರಲಿ, ಬರುತ್ತಾರೆ ಎಂದೇ ಹೇಳುತ್ತೇವೆ. ಈ ರೂಢಿ ಸಮೀಕ್ಷೆಯವರನ್ನು ಎಷ್ಟು ಕಾಡುತ್ತದೆ ಎಂಬುದು ನನಗೆ ಕೆಲಸದಲ್ಲಿದ್ದಾಗಲೇ ಗೊತ್ತಿತ್ತು.

ಮೊದಲನೇ ಮನೆಯ ಹೆಂಗಸಿನ ಮಗ ಕುವೈತಿನಲ್ಲಿ ಲಾರಿ ಹೊಡೆಯುತ್ತಾನೆ. ಹುಡುಗಿ ಕೇಳಿದಳು: “ನಿಮ್ಮ ಮಗಾ ಮನ್ಯಾಗ ಅದಾರೇನ್ರಿ?”

“ಬರ್ತಾನ್ರಿ.”

“ಯಾವಾಗ ಬರ್ತಾರ್ರಿ?”

“ಬಂದಾಗ ಬರ್ತಾನ. ಅವನ ಹೆಸರ ರೇಶನ್ ಕಾರ್ಡಿನಾಗ ಐತಿ, ನೀವ್ಯಾಕ ತಗೀತೀರಿ?”

ಹುಡುಗಿ ಅವನನ್ನು ಮನೆಯಲ್ಲೇ ಇರಿಸಿದಳು.

ಎರಡು ಮನೆ ದಾಟಿದ ಮೇಲೆ ಇದಕ್ಕೆ ಉಲ್ಟಾ. ಆ ಮನೆಯ ಮಗ ಪುಣೆಯಲ್ಲಿ ಬಟ್ಟೆ ಅಂಗಡಿಯಲ್ಲಿದ್ದಾನೆ, ಓಣಿಗೆಲ್ಲ ಗೊತ್ತು. ಅವನ ತಂದೆ ಎದೆ ಸೆಟೆಸಿ, “ದುಬೈ ಅಂತ ಬರೀರಿ,” ಎಂದ. ನಾನು ಅವನ ಮುಖ ನೋಡಿದೆ. ಅವನು ದನಿ ತಗ್ಗಿಸಿ, “ಕನ್ಯಾ ನೋಡಾಕತ್ತೇವ್ರಿ ಬಾಯಾರ. ಸರಕಾರದಾಗ ದುಬೈ ಅಂತ ಇದ್ರ ಚಲೋ ಅಲ್ಲೇನ್ರಿ?” ಎಂದ.

“ಬೀಗರು ಸರಕಾರದಾಗ ಹೋಗಿ ನೋಡ್ತಾರೇನೋ?” ಎಂದೆ.

“ನೋಡೂದಿಲ್ರಿ. ಆದ್ರ ಕೇಳಿದ್ರ ಹೇಳಾಕ ಬರ್ತೈತಲ್ರಿ.”

ಹುಡುಗಿ ದುಬೈ ಎಂದೇ ತುಂಬಿದಳು. ಒಬ್ಬ ಹೆಚ್ಚಾದ, ಒಬ್ಬ ಕಡಿಮೆಯಾದ. ಲೆಕ್ಕ ಸರಿಹೋಯಿತು ಎಂದು ಯಾರೋ ಮೇಲೆ ಕುಳಿತವರು ಅಂದುಕೊಳ್ಳುತ್ತಾರೆ.

ಕೊನೆಗೆ ನಮ್ಮ ಮನೆ. ಸಂಜೆಯಾಗಿತ್ತು. ಪವರ್‌ಲೂಮ್‌ಗಳ ಸದ್ದಿನಲ್ಲಿ ಹುಡುಗಿಯ ಮೆಲುದನಿ ಕೇಳಿಸಲು ಬಾಗಿಲು ಎಳೆದುಕೊಳ್ಳಬೇಕಾಯಿತು.

“ನಿಮ್ಮ ಮನ್ಯಾಗ ಎಷ್ಟ ಮಂದಿರಿ ಬಾಯಾರ?”

“ಇಬ್ರು. ನಾನು, ನನ್ನ ತಂಗಿ.”

“ತಂಗಿಯವರು ಎಲ್ಲದಾರ್ರಿ?”

“ಬೀಗರ ಮನಿಗಿ ಹೋದಂಗ ಹೋಗ್ಯಾಳ. ಬರ್ತಾಳ.”

ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದವರನ್ನು ಹೊರಗೆ ಹೋದವರೆಂದೇ ಬರೆಯಬೇಕೆಂಬ ನಿಯಮ ನನಗೆ ಗೊತ್ತಿಲ್ಲವೆಂದಲ್ಲ. ಆ ಹುಡುಗಿ ಹುಟ್ಟುವ ಮೊದಲೇ ನಾನು ಇಂಥ ಕೋಷ್ಟಕ ತುಂಬಿದವಳು. ಆದರೆ ‘ವಿದೇಶ’ ಎಂಬ ಶಬ್ದ ನಮ್ಮ ಮನೆಯಿಂದ ಒಬ್ಬರ ಹೆಸರಿನ ಮುಂದೆ ಬರುವುದಾದರೆ ಅದು ಹಾಲು ಉಕ್ಕಿಸಿದವಳ ಹೆಸರಿನ ಮುಂದೆ ಬರುವುದು ನನಗೆ ಬೇಡವಾಗಿತ್ತು.

ಅಷ್ಟರಲ್ಲಿ ಫೋನು ಬಡಿಯಿತು. ಏಳು ಗಂಟೆ. ಇದು ಇನ್ನೊಂದು ಕಿಚ್ಚು: ಇಲ್ಲಿ ಹೊತ್ತು ಗೊತ್ತು ಇಲ್ಲದ ತಂಗಿ ಅಲ್ಲಿಂದ ದಿನಾ ಏಳಕ್ಕೆ ಸರಿಯಾಗಿ ಫೋನು ಮಾಡುತ್ತಾಳೆ. ಇಷ್ಟು ವರ್ಷ ನಾನು ಹೇಳಿ ಕಲಿಸಲಾಗದ್ದನ್ನು ಯಾರದೋ ಎಳೆಗೂಸು ಕಲಿಸಿಬಿಟ್ಟಿದೆ. ಪರದೆಯ ಮೇಲೆ ಮೊದಲು ಕೂಸಿನ ಕಾಲು ಕಂಡಿತು, ಆಮೇಲೆ ತಂಗಿಯ ಮುಖ. ಮೈ ತುಂಬಿಕೊಂಡಿದ್ದಳು.

“ಯಾರ ಬೇ ಅಕ್ಕಾ ಅದು ಮಗ್ಗಲದಾಗ?”

“ಮಂದಿನ ಎಣಸಾಕ ಬಂದಾರ.”

“ನನ್ನ ಎಣಸ್ಯಾರೇನ ಮತ್ತ?”

ಹುಡುಗಿ ಚುರುಕು. ಮುಂದೆ ಬಾಗಿ, “ಬಾಯಾರ, ನೀವು ಎಲ್ಲದೀರಿ?” ಎಂದಳು.

“ಮಸ್ಕತದಾಗ ಅದೇನವಾ.”

“ಎಷ್ಟ ದಿನಾ ಆತ್ರಿ?”

“ಅದನ್ನ ನಮ್ಮ ಅಕ್ಕನ ಕೇಳು. ಅಕಿ ಕ್ಯಾಲೆಂಡರಿನ ಮ್ಯಾಲ ಗೀಟ ಹಾಕ್ತಾಳ.”

ಹುಡುಗಿ ನನ್ನ ಕಡೆ ನೋಡಲಿಲ್ಲ, ಒಳ್ಳೆಯ ಮನೆತನದವಳು. ನಾನು ಹೇಳಿದ್ದನ್ನು ಅಳಿಸಿ ಹೊಸದಾಗಿ ತುಂಬತೊಡಗಿದಳು. ಹೋದ ಕಾರಣದ ಪ್ರಶ್ನೆ ಬಂತು. ಒಂದೊಂದೇ ಓದಿದಳು: “ಕೆಲಸಕ್ಕ ಹೋಗೀರೋ, ಮದವಿಯಾಗಿ ಹೋಗೀರೋ, ಓದಾಕೋ, ಮನಿಯವರ ಜೋಡಿಗೋ, ಮತ್ತ ಬ್ಯಾರೆ ಏನರೆ?”

“ಮದವಿ ಅಂತ ಬರಿ,” ಎಂದು ತಂಗಿ ನಕ್ಕಳು. ಆಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು, “ಖರೆ ಹೇಳ್ಲೇನವಾ? ಇಲ್ಲಿ ನಾ ಯಾವಾಗ ಎದ್ದ್ಯಾ ಅಂತ ಯಾರೂ ಕೇಳೂದಿಲ್ಲ. ಕೂಸ ಎದ್ದಾಗ ಏಳ್ತೇನಿ. ಅಲ್ಲಿ ನಮ್ಮ ಅಕ್ಕ ಗೋಡಿ ಮ್ಯಾಲ ಗಡಿಯಾರ ಹಾಕ್ಯಾಳ, ಬಚ್ಚಲದಾಗೂ ಒಂದ ಹಾಕ್ಯಾಳ,” ಎಂದಳು.

“ಬಚ್ಚಲದಾಗ ನೀ ತಾಸಗಟ್ಲೆ ನೀರ ಹಾಕೋತಿದ್ದಿ, ಅದಕ್ಕ ಹಾಕೇನಿ,” ಎಂದೆ.

“ಹೌದಕ್ಕಾ. ಇಲ್ಲೂ ಹಾಕೋತೇನಿ.” ಕೂಸಿನ ಬೆನ್ನು ತಟ್ಟುತ್ತ, ದನಿ ಬದಲಿಸಿ, “ಅಕ್ಕಾ, ಅವರಿಗಿ ಹೂಂ ಅಂದೇನಿ ನೋಡು. ಎರಡ ವರ್ಷ,” ಎಂದಳು.

ಗೋಡೆಯ ಗಡಿಯಾರ ನೋಡಿದೆ. ಹಾಗೆ ನೋಡುವುದು ನನ್ನ ಚಾಳಿ.

“ಬಜಿ ತೀರಿದ್ರ ಹೇಳು,” ಎಂದೆ. “ಹ್ವಾದ ಸಲ ಹಾಕಿದ್ದು ಮುಗಿದಿರಬೇಕು.”

“ಮುಗದೈತಿ. ಅಳವೀನೂ ಮುಗದೈತಿ. ಚೀಟಿ ಹಚ್ಚಿ ಕಳಸು. ಇಲ್ಲಿ ಮಂದಿ ನಿನ್ನ ಅಕ್ಷರ ನೋಡಿ ಯಾರ ಬರದಾರ ಅಂತ ಕೇಳ್ತಾರ.”

ಫೋನು ಇಟ್ಟ ಮೇಲೆ ಹುಡುಗಿ ಕೇಳಿದಳು: “ಕಾರಣ ಏನಂತ ತುಂಬ್ಲಿರಿ ಬಾಯಾರ? ಇತರೆ ಅಂತ ಹಾಕಿದ್ರ ಮುಂದ ಬಿಡಸಿ ಬರೀಬೇಕಾಕ್ಕೈತ್ರಿ.”

“ಕೆಲಸ ಅಂತ ಹಾಕು,” ಎಂದೆ. “ಬಿಡಿಸಿ ಬರೀಬ್ಯಾಡ.”

ಹೀಗೆ ನನ್ನ ತಂಗಿ ಕೆಲಸಕ್ಕೆಂದು ದೇಶ ಬಿಟ್ಟವರ ಲೆಕ್ಕಕ್ಕೆ ಸೇರಿದಳು. ಕೆಲವು ದಿನಗಳಲ್ಲಿ ಸರ್ಕಾರದ ಅನುಮತಿಯ ಲೆಕ್ಕಕ್ಕೂ ಸೇರುತ್ತಾಳೆ. ಮುಂದೆ ಯಾವಾಗಲೋ ಪತ್ರಿಕೆಯಲ್ಲಿ ಆ ಅಂಕಿ ಬಂದಾಗ, ಬಡತನ, ನೀರಿನ ತೊಂದರೆ, ಮಗ್ಗದ ಮಂದಗತಿ ಎಂದು ಯಾರೋ ಕಾರಣ ಬರೆಯುತ್ತಾರೆ. ಬಚ್ಚಲಿನ ಗಡಿಯಾರದ ವಿಷಯ ಅದರಲ್ಲಿ ಇರುವುದಿಲ್ಲ. ಆ ಗಡಿಯಾರವನ್ನು ನಾನು ತೆಗೆದಿಲ್ಲ. ಅದು ಸರಿಯಾದ ಹೊತ್ತು ತೋರಿಸುತ್ತದೆ.

ಮರುದಿನ ಬೆಳಿಗ್ಗೆ, ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದಾಗ ರಬಕವಿಯಿಂದ ಒಬ್ಬ ಗಂಡಸು ಮೋಟರ್ ಸೈಕಲ್ ಮೇಲೆ ಬಂದ. ಹೆಂಡತಿಗೆ ಹೆರಿಗೆಯಾಗಿದೆಯಂತೆ.

“ಸಣ್ಣ ಬಾಯಾರ ಅದಾರೇನ್ರಿ?”

ಬರ್ತಾಳ ಎಂಬ ಮಾತು ರೂಢಿಯಂತೆ ಬಾಯಿಗೆ ಬಂತು. ನಾನು ಎದ್ದು ನಿಂತೆ, ಕೈಯ ರಂಗೋಲಿ ಪುಡಿ ಕೊಡವಿದೆ.

“ಇಲ್ಲ,” ಎಂದೆ. “ಮಸ್ಕತದಾಗ ಅದಾಳ.”

ಅವನು ಹೊಸ್ತಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ನಾನು ಬರುತ್ತೇನೆಯೇ ಎಂದು ಕೇಳಬಹುದೆಂದು ಸ್ವಲ್ಪ ಹೊತ್ತು ನಿಂತೇ ಇದ್ದೆ. ಅವನು ಗಾಡಿ ತಿರುಗಿಸುತ್ತ, “ಯಾವಾಗ ಬರ್ತಾರಂತ್ರಿ?” ಎಂದು ಮಾತ್ರ ಕೇಳಿದ.