ಎರಡು ಜಿಬಿಯಲ್ಲಿ ಇಬ್ಬರ ಪಾಳಿ

ಕಳೆದ ಮಂಗಳವಾರ ಒಂದು ಮದುವೆ ನನ್ನ ಅಂಗಡಿಯಲ್ಲೇ ನಿಂತುಹೋಯಿತು. ವರನ ಹೆಸರು ಬಂತು, ವರನ ಅಪ್ಪನ ಹೆಸರೂ ಬಂತು. ವಧುವಿನ ಹೆಸರಿಗೆ ಕೈ ಹಾಕಿದೆ, ಕಂಪ್ಯೂಟರ್ ಹ್ಯಾಂಗ್. ಮೌಸ್ ಅಲ್ಲಾಡಿಸಿದೆ. ಬೈದೆ. ಕೊನೆಗೆ ಕೈಮುಗಿದೆ. (ನೀವೂ ಮುಗಿದಿರುತ್ತೀರಿ, ನಾಚಿಕೆ ಬೇಡ.)

ಬಸವಕಲ್ಯಾಣದಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುವ ಅಂಗಡಿ ನನ್ನದೆಂದು ಹಳೆಯ ಓದುಗರಿಗೆ ಗೊತ್ತು. ಒಂದು ಕೋಣೆ, ಒಂದು ಕಂಪ್ಯೂಟರ್, ಅದಕ್ಕೆ ಎರಡೇ ಜಿಬಿ ರ‍್ಯಾಮ್. ನಮ್ಮ ಕಡೆ ಒಂದೇ ಭಾಷೆಯಲ್ಲಿ ಮದುವೆ ಮುಗಿಯುವುದಿಲ್ಲ. ಮುಸ್ಲಿಮರ ಮನೆಯದಾದರೆ ಪತ್ರಿಕೆಯ ಒಂದು ಮಗ್ಗುಲು ಉರ್ದು, ಇನ್ನೊಂದು ಮಗ್ಗುಲು ಕನ್ನಡ. ಹುಲಸೂರ ಕಡೆಯವರಿಗೆ ಗಡಿಯಾಚೆ ಬೀಗರಿದ್ದರೆ ಮರಾಠಿಯೂ ಬೇಕು. ಎಲ್ಲವನ್ನೂ ಒಟ್ಟಿಗೆ ತೆರೆದರೆ ಎರಡು ಜಿಬಿ ಏನು ಮಾಡೀತು?

ಆದರೆ ಇದೇ ಎರಡು ಜಿಬಿಯಲ್ಲಿ ವರ್ಷಗಟ್ಟಲೆ ಕೆಲಸ ನಡೆದಿತ್ತಲ್ಲ! ಹೇಗೆ?

ಆಗ ಹಮೀದ್ ಮಾಸ್ತರ್ ಬರುತ್ತಿದ್ದರು. ಹುಮನಾಬಾದಿನವರು. ಉರ್ದು ಶಾಲೆಯಿಂದ ರಿಟೈರ್ ಆದ ಮೇಲೆ ಪ್ರತಿ ಬುಧವಾರ ಬಸ್ಸಿನಲ್ಲಿ ಬಂದು ಉರ್ದು ಟೈಪ್ ಮಾಡಿಕೊಡುತ್ತಿದ್ದರು. ಎರಡು ಸಾಫ್ಟ್‌ವೇರ್ ಒಟ್ಟಿಗೆ ತೆರೆದರೆ ಮಷೀನ್ ತಡೆಯದು. ಹಾಗಾಗಿ ಪಾಳಿ. ಅವರು ಕುರ್ಚಿಯಲ್ಲಿದ್ದಾಗ ನಾನು ಸ್ಟೂಲಿನ ಮೇಲೆ, ನಾನು ಕುರ್ಚಿಗೆ ಬಂದರೆ ಅವರು ಸ್ಟೂಲಿನ ಮೇಲೆ. “ಉರ್ದು ಬಂದ್ ಮಾಡೀನಿ ತಂಗೀ, ಈಗ ನಿನ್ನ ಪಾಳಿ” ಅನ್ನುತ್ತ ಏಳುತ್ತಿದ್ದರು.

ಸ್ಟೂಲಿನ ಮೇಲೆ ಕೂತವರಿಗೆ ಕೆಲಸವೇನು? ಚಹಾ. ಮಾತು. ಮತ್ತೆ ಚಹಾ. ಮಾಸ್ತರರ ಕಣ್ಣು ಮಾತ್ರ ನನ್ನ ಪರದೆಯ ಮೇಲೆ.

“ಮೋರಖಂಡಿ ಊರ ಮಂದೀ ಪತ್ರಿಕೆದಾಗ ದೊಡ್ಡಪ್ಪನ ಹೆಸರು ಕೆಳಗ ಹಾಕಾಕತ್ತಿ ಏನು? ಲಗ್ನದ ದಿನ ಅಂವ ಊಟಕ್ಕ ಕೂಡೂದಿಲ್ಲ ನೋಡು!”

ನಾನು ದೊಡ್ಡಪ್ಪನನ್ನು ಮೇಲೇರಿಸುತ್ತಿದ್ದೆ. ಹೀಗೆ ಎಷ್ಟು ಮನೆಗಳ ಜಗಳ ತಪ್ಪಿಸಿದರೋ. ನನ್ನ ಅಪ್ಪ ತೀರಿಕೊಂಡ ವರ್ಷ ನಾನು ಅತ್ತದ್ದೂ ಅದೇ ಸ್ಟೂಲಿನ ಮೇಲೆ. ಮಾಸ್ತರ್ ನನ್ನ ಕಡೆ ತಿರುಗಲಿಲ್ಲ, ಟೈಪ್ ಮಾಡುತ್ತಲೇ ಇದ್ದರು. ಅವರ ಕೆಲಸ ಎಂದೋ ಮುಗಿದಿತ್ತು. ನಾನು ಅತ್ತು ಮುಗಿಸುವವರೆಗೂ “ನಿನ್ನ ಪಾಳಿ” ಅನ್ನಲಿಲ್ಲ.

ಎರಡು ವರ್ಷದ ಹಿಂದೆ ನಾನು ಜಾಣೆಯಾದೆ. “ಈ ವಯಸ್ಸಿನ್ಯಾಗ ಬಸ್ಸಿನ ತ್ರಾಸ ಯಾಕ್ರಿ ಮಾಸ್ತರ್? ಮನ್ಯಾಗ ಕುಂತು ಮೊಬೈಲಿನ್ಯಾಗ ಮಾಡಿ ಕಳಸ್ರಿ” ಅಂದೆ. ಉಪಕಾರ ಮಾಡಿದೆನೆಂದೇ ನಂಬಿದ್ದೆ. “ಆಯ್ತವಾ” ಅಂದರು.

ಅಂದಿನಿಂದ ಉರ್ದು ಮೊಬೈಲಿಗೆ ಬರುತ್ತದೆ. ಒಂದು ತಪ್ಪಿಲ್ಲ. ಒಂದು ಮಾತೂ ಇಲ್ಲ. ಅದನ್ನು ಕಂಪ್ಯೂಟರಿಗೆ ಇಳಿಸಲು ಬ್ರೌಸರ್ ತೆರೆದಿರಬೇಕು, ಪಕ್ಕದಲ್ಲಿ ಕನ್ನಡ, ಅದರ ಹಿಂದೆ ಮರಾಠಿ. ಮುಚ್ಚು ಅನ್ನುವವರು ಯಾರೂ ಇಲ್ಲ. ಹ್ಯಾಂಗ್ ಆಗದೆ ಇನ್ನೇನಾದೀತು?

ಮದುವೆ ನಿಂತ ಮರುದಿನ ಸಿಪಿಯುವನ್ನು ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹುಮನಾಬಾದ್ ಬಸ್ ಹತ್ತಿದೆ. ಬಸವಕಲ್ಯಾಣದಲ್ಲಿ ರಿಪೇರಿಯವರಿಲ್ಲವೇ? ಇದ್ದಾರೆ. (ಹಳೆಯ ಮಷೀನಿನ ರ‍್ಯಾಮ್ ಇಲ್ಲಿ ಸಿಗಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಕೇಳಲು ಹೋಗಲಿಲ್ಲ.)

ರಿಪೇರಿ ಅಂಗಡಿಯ ಸಂಗೀತಾ ಪರದೆಯ ಮೇಲೆ ಒಂದು ಪಟ್ಟಿ ತೆಗೆದು ತೋರಿಸಿದಳು. “ಅಕ್ಕಾರ, ಬ್ರೌಸರ್ ಒಂದ ಅರ್ಧಾ ಮೆಮೊರಿ ತಿನ್ನಾಕತ್ತದ. ಮಷೀನ್ ಚಾಲೂ ಆದ ಕೂಡ್ಲೆ ಇಷ್ಟೆಲ್ಲಾ ತಾವ ತೆರಕೊಳ್ಳಾಕತ್ತಾವ. ಬೇಕಾದದ್ದೊಂದು ಇಟ್ಟು ಉಳಿದದ್ದು ಬಂದ್ ಮಾಡ್ರಿ, ಎರಡರಾಗೂ ನಡೀತದ. ಇಲ್ಲಾಂದ್ರ ಎಂಟು ಜಿಬಿ ಹಾಕ್ತೀನಿ.”

ಬಂದ್ ಮಾಡ್ರಿ! ಈ ಮಾತು ಕೇಳಿ ಎಷ್ಟು ಕಾಲವಾಗಿತ್ತು. ಆದರೂ ಎಂಟೇ ಹಾಕು ಅಂದೆ. ಆಸೆ, ಇನ್ನೇನು? ಒಂದು ತಾಸು ಬೇಕು ಅಂದಳು.

ಮಾಸ್ತರರ ಮನೆ ಅಲ್ಲಿಂದ ಎರಡು ಓಣಿ ಆಚೆ. ಕಾಲು ತಾನಾಗಿಯೇ ಹೋಯಿತು. ಅವರೇ ಬಾಗಿಲು ತೆರೆದರು. ತುಸು ಇಳಿದಿದ್ದರು. ಆದರೆ ಮೈಮೇಲೆ ಗರಿಗರಿ ಇಸ್ತ್ರಿ ಅಂಗಿ, ಎಲ್ಲಿಗೋ ಹೊರಟವರ ಹಾಗೆ.

“ಬಾ ತಂಗೀ. ಹ್ಯಾಂಗ ಬಂದಿ?”

“ಕಂಪ್ಯೂಟರ್ ಕೆಟ್ಟದ್ರಿ ಮಾಸ್ತರ್. ಇಲ್ಲೇ ಕೊಟ್ಟೇನಿ, ಎಂಟು ಜಿಬಿ ಹಾಕಸಾಕತ್ತೇನಿ.”

“ಹಾಂ. ಕಂಪ್ಯೂಟರ್ ಕೆಟ್ಟದ ಅಂತ ಬಂದಿ.”

ಒಳಗೆ ಕೂತು ಚಹಾ ಕೈಗೆ ಬಂದ ಮೇಲೂ ನಾನು ಬಸಿಯನ್ನೇ ನೋಡುತ್ತಿದ್ದೆ.

“ನೀವು ಎಲ್ಲಿಗರೆ ಹೊಂಟಿದ್ದ್ರೇನು?” ಅಂದೆ.

“ಎಲ್ಲಿಗೂ ಇಲ್ಲ. ಇವತ್ತ ಬುಧವಾರ ಅಲ್ಲೇನು? ಅಂಗಿ ಇಸ್ತ್ರಿ ಮಾಡೂ ರೂಢಿ ಇನ್ನಾ ಬಿಟ್ಟಿಲ್ಲ.” ಅಂಗಿಯ ತೋಳು ಸರಿಮಾಡಿಕೊಳ್ಳುತ್ತ ಕೇಳಿದರು: “ಬಸ್ಸಿನ ತ್ರಾಸ ಅದ ಅಂತ ನಾ ನಿನಗ ಯಾವಾಗ ಹೇಳಿದ್ನಿ ತಂಗೀ?”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

“ತಪ್ಪಾತ್ರಿ. ಮತ್ತ ಬರ್ರಿ, ಮೊದಲಿನಂಗ.”

“ಎಂಟು ಜಿಬಿ ಹಾಕಸಾಕತ್ತಿ. ಇನ್ನ ಎಲ್ಲಾ ಕೂಡೇ ನಡೀತದ. ನಾ ಬಂದು ಸ್ಟೂಲ್ ಮ್ಯಾಲ ಏನ್ ಮಾಡ್ಲಿ?”

“ಮಷೀನ್ ತಯಾರಾಗಿರಬೇಕ್ರಿ” ಅನ್ನುತ್ತ ಎದ್ದೆ. “ನೀವು ಬೇಕ್ರಿ ನನಗ” ಅಂದಿದ್ದರೆ ಬಾಯಿ ಸವೆಯುತ್ತಿತ್ತೇ? ತಾಸು ಆಗಿತ್ತು. ಸಿಪಿಯು ಎತ್ತಿಕೊಂಡು ಬಸ್ ಹತ್ತಿ ಬಂದೆ.

ಈಗ ಮಷೀನ್ ಓಡುತ್ತಿದೆ. ಮೂರು ಭಾಷೆ, ಬ್ರೌಸರ್, ಬೇಕಾದರೆ ಹಾಡೂ, ಎಲ್ಲ ಒಟ್ಟಿಗೆ. ವಧುವಿನ ಹೆಸರು ಕಣ್ಣು ಮಿಟುಕಿಸುವುದರೊಳಗೆ ಬಂತು. ಕಾಯುವುದೇ ಇಲ್ಲ. ಕಾಯುವುದಿಲ್ಲವಾದ್ದರಿಂದ ಚಹಾ ಕುಡಿಯುವುದೂ ಮರೆತುಹೋಗುತ್ತದೆ. ಸ್ಟೂಲಿನ ಮೇಲೆ ಕಾಗದದ ಕಟ್ಟು ಪೇರಿಸಿದ್ದೆ, ನಿನ್ನೆ ತೆಗೆದು ಒರೆಸಿಟ್ಟೆ. ಅಂಥ ವೇಗ ಯಾರಿಗೆ ಬೇಕಿತ್ತು? ನನಗೆ ಬೇಕಿರುವುದು ಆ ಎರಡು ಜಿಬಿ, ಅದರ ಪಕ್ಕದ ಸ್ಟೂಲು, ಅದರ ಮೇಲಿನ ಮಾಸ್ತರ್.

ನಾಳೆ ಬುಧವಾರ, ಹುಮನಾಬಾದಿಗೆ ಹೊರಟಿದ್ದೇನೆ. ಕಂಪ್ಯೂಟರ್ ಏನೂ ಕೆಟ್ಟಿಲ್ಲ.