ಇಲ್ಲದ ತೊಂಬತ್ತೊಂಬತ್ತನೆಯ ರ‍್ಯಾಕ್

ಮರಾಠಿ ಸೀಮೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಮೂರು ವರ್ಷದ ಹಿಂದೆ ನಿವೃತ್ತಳಾದೆ. ನಾನು ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಮೊದಲು ಭಾಗಗಳ ಎಣ್ಣೆ ಒರೆಸುವ ಕೆಲಸ. ಭಾಗಗಳ ನಂಬರೆಲ್ಲ ನನಗೆ ಬಾಯಿಪಾಠ ಇದ್ದವು, ಅದಕ್ಕೇ ಮಾಲು ಇಡುವ ಸ್ಟೋರಿನ ಕಂಪ್ಯೂಟರಿನ ಮುಂದೆ ಕೂರಿಸಿದರು. ಕಪ್ಪು ಪರದೆ, ಹಸಿರು ಅಕ್ಷರ. ಅದರೊಳಗಿದ್ದದ್ದು ಕೋಬಾಲ್, ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡದು.

ಈಗ ನಮ್ಮ ಕಾಲನಿಯ ಇಂಜಿನಿಯರ್ ಹುಡುಗಿಯರು, "ಅಜ್ಜಿ, ನಮ್ಮನ್ನ ಕೋಬಾಲ್‌ಗೆ ಹಾಕ್ಯಾರ. ನಮ್ಮ ಕರಿಯರ್ ಮುಗೀತು" ಎಂದು ಅಳುತ್ತಾ ಬರುತ್ತಾರೆ. ಅವರಿಗೆ ದೀಪಾಳ ಕಥೆ ಹೇಳುತ್ತೇನೆ. ಅದು ನಾನು ನಿವೃತ್ತಳಾಗುವ ಮುಂಚಿನ ಕೆಲವು ತಿಂಗಳ ಮಾತು.

ದೀಪಾ ಧಾರವಾಡದ ಕಡೆಯವಳು. ಹಳೆಯ ಕಂಪ್ಯೂಟರಿನ ಪ್ರೋಗ್ರಾಮ್ ನೋಡಿಕೊಳ್ಳುತ್ತಿದ್ದಳು. ಆ ವರ್ಷ ಕಾರ್ಖಾನೆಗೆ ಹೊಸ ಸಿಸ್ಟಮ್ ತಂದರು. ಹಳೆಯ ಲೆಕ್ಕವೆಲ್ಲ ಹೊಸದಕ್ಕೆ ಸಾಗಿದ ಮೇಲೆ ಅವಳ ಕೆಲಸವೂ ಮುಗಿಯುವುದು ಎಂದು ಎಲ್ಲರಿಗೂ ಗೊತ್ತಿತ್ತು. ಆಫೀಸಿನ ಹುಡುಗರು, "ಏನ್ ಮೇಡಂ, ಮ್ಯೂಸಿಯಂದಾಗ ಜಾಗ ಸಿಕ್ತೇನು?" ಎಂದು ಕೆಣಕುತ್ತಿದ್ದರು. ಅವಳು ನಕ್ಕು ತನ್ನ ಕೆಲಸಕ್ಕೆ ತಿರುಗುತ್ತಿದ್ದಳು.

ಹೊಸ ಸಿಸ್ಟಮ್ ಶುರುವಾಗಿ ಹತ್ತು ದಿನಕ್ಕೆ ಅಸೆಂಬ್ಲಿ ಲೈನ್ ನಿಂತಿತು. ಕಂಪ್ಯೂಟರಿನಲ್ಲಿ 1,140 ಬುಷ್ ಇವೆ, ರ‍್ಯಾಕಿನಲ್ಲಿ ಒಂದೂ ಇಲ್ಲ. ಬುಷ್ ಎಂದರೆ ಒಳಗೆ ತೂತಿರುವ ಸಣ್ಣ ಉಕ್ಕಿನ ಬಳೆ. ಇದೆ ಎಂದು ಕಂಪ್ಯೂಟರ್ ನಂಬಿದ್ದರಿಂದ ಹೊಸದನ್ನು ತರಿಸಿರಲಿಲ್ಲ. ಹಳೆಯ ಪ್ರೋಗ್ರಾಮ್ ತಪ್ಪು ಲೆಕ್ಕ ಕೊಟ್ಟಿದೆ ಎಂದು ಹೊಸ ಸಿಸ್ಟಮಿನವರು ಹೇಳಿದರು. ಶನಿವಾರದೊಳಗೆ ಕಾರಣ ತೋರಿಸದಿದ್ದರೆ ಮನೆಗೆ ಹೋಗು ಎಂದು ದೇಶಪಾಂಡೆ ಮ್ಯಾನೇಜರು ದೀಪಾಳಿಗೆ ಹೇಳಿದರು.

ಕಾರಣ ನನಗೆ ಗೊತ್ತಿತ್ತು.

ಲಾರಿಯಲ್ಲಿ ಬಂದ ಮಾಲನ್ನು ಪರೀಕ್ಷೆ ಮಾಡಿ ಚೀಟಿ ಕೊಡುವವರೆಗೆ ಕಂಪ್ಯೂಟರಿಗೆ ಸೇರಿಸುವಂತಿಲ್ಲ. ಸೇರದ ಮಾಲನ್ನು ಲೈನಿಗೆ ಕೊಡುವಂತಿಲ್ಲ. ಲೈನ್ ಕಾಯುತ್ತದೆಯೇ? ಹಿಂದೆ ಯಾವನೋ ಪ್ರೋಗ್ರಾಮಿನವನು ನಮ್ಮ ಕಷ್ಟ ನೋಡಿ 99 ಎಂಬ ಇಲ್ಲದ ರ‍್ಯಾಕನ್ನು ಮಾಡಿಕೊಟ್ಟಿದ್ದ. ಮಾಲನ್ನು ಮೊದಲು ಅಲ್ಲಿಂದ ಕೊಟ್ಟಂತೆ ಬರೆಯುವುದು, ಚೀಟಿ ಬಂದಾಗ ಅಲ್ಲಿಗೇ ತುಂಬಿ ಸರಿಮಾಡುವುದು. ಕೇಳಿದಾಗ ಇಲ್ಲವೆನ್ನದ ಜಾಗವೆಂದು ನಾವು ಸ್ಟೋರಿನ ಹೆಂಗಸರು ಅದನ್ನು ಮಾಹೇರ ಎನ್ನುತ್ತಿದ್ದೆವು. ಮರಾಠಿಯಲ್ಲಿ ತವರುಮನೆ.

ಹೊಸ ಸಿಸ್ಟಮಿನವರು ಬಂದು, ನೀವು ಕೆಲಸ ಹೇಗೆ ಮಾಡುತ್ತೀರಿ ಎಂದು ಕೇಳಿದಾಗ ನಾವೆಲ್ಲ ಗೋಡೆಯ ಮೇಲಿದ್ದ ನಿಯಮವನ್ನೇ ಒಪ್ಪಿಸಿದೆವು. ಮಾಹೇರದ ಮಾತು ಎತ್ತಲಿಲ್ಲ. ಕಳ್ಳತನದ ಹಾಗೆ ಕಾಣುತ್ತದೆಂಬ ಹೆದರಿಕೆ. ಅವರು, ಇಲ್ಲದ ರ‍್ಯಾಕ್ ಯಾಕೆಂದು 99 ಅನ್ನು ಅಳಿಸಿಬಿಟ್ಟರು. ಲೈನಿಗೆ ಹೋಗಿ ಬಳಕೆಯಾಗಿದ್ದ ಬುಷ್‌ಗಳ ಚೀಟಿ ಆಮೇಲೆ ಬಂದಾಗ ನಾವು ಅವನ್ನು ನಿಜವಾದ ರ‍್ಯಾಕಿಗೆ ತುಂಬಿದೆವು. ಹೊಸ ಪರದೆಯಲ್ಲಿ ಬೇರೆ ಜಾಗವಿರಲಿಲ್ಲ. ಖರ್ಚಾಗಿ ಹೋದ ಬುಷ್‌ಗಳು ಇನ್ನೂ ಇವೆ ಎಂದು ಕಂಪ್ಯೂಟರ್ ಎಣಿಸಿತು.

ಗುರುವಾರ ದೀಪಾ ಸ್ಟೋರಿಗೆ ಬಂದಳು. ಕಾರ್ಖಾನೆಯಲ್ಲಿ ಎಲ್ಲರಂತೆ ಅವಳೂ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು.

"ಮಾವಶಿ, ಈ ತೊಂಬತ್ತೊಂಬತ್ತು ಏನ್ರೀ?"

"ನನಗೇನ್ ಗೊತ್ತವ್ವ. ಸಾಲಿ ಕಲ್ತಾಕಿ ನೀ."

ಅವಳು 99ರ ಎಂಟ್ರಿಗಳಿದ್ದ ಒಂದು ಹಾಳೆ ಮುಂದಿಟ್ಟಳು. "ಭಾಳ ಎಂಟ್ರಿ ಮ್ಯಾಲ ನಿಮ್ಮ ಹಾಜರಿ ನಂಬರೇ ಅದರೀ."

"ಸಾಹೇಬ್ರಿಗೆ ತೋರಿಸಿಯೇನು?"

"ಇಲ್ರೀ. ತೋರಿಸಿದ್ರ ನಿಮ್ಮ ಮ್ಯಾಲ ಕಳವು ಅಂತಾರ. ನಿಮ್ಮನ್ನ ಕೇಳಲಾರದ ಹ್ಯಾಂಗ ತೋರಿಸ್ಲಿ?"

ಆ ಹಾಳೆ ಸೋಮವಾರದಿಂದ ಅವಳ ಕೈಯಲ್ಲಿತ್ತು ಎಂದು ಕೇಳಿ ತಿಳಿದುಕೊಂಡೆ. ಮೂರು ದಿನ ಬೈಸಿಕೊಂಡಿದ್ದಳು, ನನ್ನ ನಂಬರಿನ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ನಾನು ಅಳುವ ಹೆಂಗಸಲ್ಲ. ಎದ್ದು, "ನಡಿ, ಮ್ಯಾಲ ಹೋಗೂಣು" ಎಂದೆ.

ದೇಶಪಾಂಡೆ ಸಾಹೇಬರ ಮುಂದೆ ಮರಾಠಿಯಲ್ಲಿ ಎಲ್ಲ ಹೇಳಿದೆ. ನಾವು ಮುಚ್ಚಿಟ್ಟೆವು, ಈ ಹುಡುಗಿಯದು ತಪ್ಪಿಲ್ಲ, ಮಾಲು ಕಳವಾಗಿಲ್ಲ, ಲೈನಿನಲ್ಲೇ ಬಳಕೆಯಾಗಿದೆ.

"ಮಾವಶಿ, ನಿಮ್ಮ ಮಾಹೇರ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ" ಎಂದರು ಅವರು.

"ನಿಮ್ಮ ಲೈನ್ ಇಷ್ಟು ವರ್ಷ ಅಲ್ಲಿಯದೇ ಉಂಡಿದೆ, ಸಾಹೇಬ" ಎಂದೆ.

ಎರಡು ದಿನ ನಾನೂ ದೀಪಾಳೂ ಜೊತೆಗೆ ಕೂತೆವು. ಹಳೆಯ ಪ್ರೋಗ್ರಾಮಿನಿಂದ ಅವಳು 99ರ ಸಾಲು ಓದುವಳು, ನಾನು ಚೀಟಿ ಹುಡುಕಿ ಕೊಡುವೆನು. ಶನಿವಾರ ಮಧ್ಯಾಹ್ನ 1,140ಕ್ಕೆ 1,140 ಕೂಡಿತು. ನನಗೆ ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟರು. ಕೊಡಬೇಕಾದದ್ದೇ. ಹಳೆಯದನ್ನು ಓದಿ ಹೊಸ ಸಿಸ್ಟಮಿನವರಿಗೆ ತಿಳಿಸಲು ಜನ ಬೇಕೆಂದು ದೀಪಾಳನ್ನು ಉಳಿಸಿಕೊಂಡರು. ಹೊಸದನ್ನೂ ಅವಳು ಪಕ್ಕದಲ್ಲೇ ಕೂತು ಕಲಿತಳು. ಈಗ ಖರಾಡಿಯ ಒಂದು ಕಂಪನಿಯಲ್ಲಿ ಇಂಥದೇ ಕೆಲಸ ಮಾಡುತ್ತಾಳೆ. ಈ ಕೆಲಸದಲ್ಲಿ ಕುರ್ಚಿ ಕಡಿಮೆ, ಆದರೆ ಕೂರಲು ಬರುವವರು ಇನ್ನೂ ಕಡಿಮೆ ಎನ್ನುತ್ತಾಳೆ.

ಹಳೆಯ ಭಾಷೆಯಲ್ಲಿ ಭವಿಷ್ಯವಿದೆಯೇ ಎಂದು ಕೇಳುವ ಹುಡುಗಿಯರಿಗೆ ನಾನು ಸುಳ್ಳು ಹೇಳುವುದಿಲ್ಲ. ನಮ್ಮಲ್ಲಿ ಅದೇ ಕೋಬಾಲ್ ಬಲ್ಲ ಇನ್ನೊಬ್ಬನಿದ್ದ. ಹೊಸದನ್ನು ಮುಟ್ಟಲಿಲ್ಲ, ಸ್ಟೋರಿಗೆ ಒಮ್ಮೆಯೂ ಇಳಿದು ಬರಲಿಲ್ಲ. ಅವನನ್ನು ಕಳಿಸಿದರು. ದೀಪಾ ಮೆಟ್ಟಿಲಿಳಿದು ಬಂದು ನನ್ನಂಥ ನಾಲ್ಕನೆಯ ಇಯತ್ತೆಯ ಹೆಂಗಸನ್ನು ಕೇಳಿದಳು, ಉತ್ತರ ಸಿಗುವವರೆಗೆ ನನ್ನ ಮಾನ ಕಾಯ್ದಳು. ನಾನು ಕೆಲಸದಿಂದ ಕಳ್ಳಿ ಎನಿಸಿಕೊಳ್ಳದೆ ಮನೆಗೆ ಬಂದದ್ದು ಅವಳಿಂದ.